ಬೈಕು ಹತ್ತಿ ಹೊರಟ ಹುಡುಗಿ ವಿಶ್ವಕಪ್ ತಂದಳು!

ನಮ್ಮ ಕಡಹಿನಬೈಲಿನ ಕಡೆಯ ರಸ್ತೆಗಳನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆಷಾಢ ಶುರುವಾಯಿತೆಂದರೆ ತಿರುವುತಿರುವಿಗೂ ಪಾಚಿ. ಅದರ ಮೇಲೆ ಬಿದ್ದ ಅಡಿಕೆ ಹಾಳೆ, ಮುರಿದ ಸಿಲ್ವರ್ ಮರದ ಕೊಂಬೆ, ಧರೆಯಿಂದ ಜಾರಿದ ಕೆಂಪು ಮಣ್ಣು. ಅಂಥಾ ರಸ್ತೆಯಲ್ಲಿ ಬೆಳಿಗ್ಗೆ ಏಳೂವರೆಗೆ ಹಾಲಿನ ಕ್ಯಾನು ಕಾಲಡಿಗೆ ಇಟ್ಟುಕೊಂಡು, ಮೇಲೊಂದು ದೊಗಳೆ ರೈನ್‌ಕೋಟು ಹಾಕಿಕೊಂಡು ಸ್ಕೂಟರಿನಲ್ಲಿ ಹೋಗುವ ಹೆಣ್ಣುಮಕ್ಕಳು ಈಗ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಇಪ್ಪತ್ತು ವರ್ಷದ ಹಿಂದೆ ಒಬ್ಬಳು ಹೋದರೂ ಊರಿಗೆ ಊರೇ ಬೇಲಿಯ ಬಳಿ ನಿಂತು ನೋಡುತ್ತಿತ್ತು. ಈಗ ಯಾರೂ ತಲೆ ಎತ್ತುವುದಿಲ್ಲ. ಹಾಲಿಗೆ, ಸೊಸೈಟಿಗೆ, ಮಗುವನ್ನು ಶಾಲೆಗೆ ಬಿಡಲಿಕ್ಕೆ ಹೆಂಗಸು ಗಾಡಿ ಓಡಿಸಿದರೆ ಅದು ಅನುಕೂಲ. ಆದರೆ ಅದೇ ಹೆಂಗಸು 'ನನಗೆ ಓಡಿಸುವುದೇ ಖುಷಿ, ಅದಕ್ಕೇ ಓಡಿಸ್ತೀನಿ' ಅಂದರೆ? ಆಗ ನೋಡಿ ನಮ್ಮೆಲ್ಲರ ಮುಖ!

ಈ ಮಾತು ಯಾಕೆ ಬಂತೆಂದರೆ, ಹೋದ ತಿಂಗಳು ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಫೋನ್ ಮಾಡಿದ್ದಳು. ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ, ತನ್ನ ದುಡ್ಡಿನಲ್ಲೇ ಒಂದು ಬೈಕು ತೆಗೆದುಕೊಂಡಿದ್ದಾಳೆ. "ದೊಡ್ಡಮ್ಮ, ರೇಸಿನ ತರಬೇತಿಗೆ ಕೊಯಮತ್ತೂರಿಗೆ ಹೋಗಬೇಕು ಅಂತಿದ್ದೀನಿ. ಅಮ್ಮನಿಗೆ ನಾನು ಹೇಳಿದ್ರೆ ರಾಮಾಯಣ ಆಗ್ತದೆ. ನೀವೇ ಒಂದು ಮಾತು ಹೇಳಿ" ಅಂದಳು. ನಾನು "ನೋಡೋಣ ಮಾರಾಯ್ತಿ" ಅಂದು ಫೋನಿಟ್ಟೆ. 'ನೋಡೋಣ' ಅನ್ನುವುದು ನಮ್ಮಂಥವರ ಅಸ್ತ್ರ ತಾನೇ! ಆಮೇಲೆ ಮಾತ್ರ ಮನಸ್ಸು ತಡೆಯಲಿಲ್ಲ. ಅವಳ ಬಾಯಲ್ಲಿ ಬಂದಿದ್ದ ಒಂದು ಹೆಸರು ಹಿಡಿದುಕೊಂಡು ಸಿಕ್ಕಿದ್ದನ್ನೆಲ್ಲ ಓದುತ್ತ ಕೂತೆ. ಆ ಹೆಸರು ಐಶ್ವರ್ಯಾ ಪಿಸ್ಸೆ.

ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದೊಂದು ಫೋನು ಬಂದರೆ ಉಪಯೋಗಕ್ಕೆ ಬರಬಹುದು.

ಶನಿವಾರ, ಭಾನುವಾರದ ಸವಾರಿ

ಐಶ್ವರ್ಯಾ 1995ರಲ್ಲಿ ಹುಟ್ಟಿದ ಬೆಂಗಳೂರಿನ ಹುಡುಗಿ. ರೇಸಿನ ಮನೆತನವೇನೂ ಅಲ್ಲ. ಹದಿನೆಂಟರ ಆಸುಪಾಸಿನಲ್ಲಿ ಬೈಕು ಕಲಿತು, ವಾರದ ಕೊನೆಗೆ ಸ್ನೇಹಿತರ ಜೊತೆ ಊರಾಚೆ ಹೋಗಿಬರುವುದು ಶುರುವಾಯಿತು. ಬೆಂಗಳೂರಿನ ಹುಡುಗರು ಹುಡುಗಿಯರು ಹೀಗೆ ಬೆಳಗಿನ ಜಾವ ಎದ್ದು, ಎಲ್ಲೋ ಹೆದ್ದಾರಿಯ ಹೋಟೆಲಿನಲ್ಲಿ ಇಡ್ಲಿ ತಿಂದು ಮಧ್ಯಾಹ್ನಕ್ಕೆ ಮನೆ ಸೇರುವುದು ಈಗ ದೊಡ್ಡ ಸಂಗತಿಯಲ್ಲ. ಹಾಗೆ ಹೋಗುವ ನೂರು ಜನರಲ್ಲಿ ತೊಂಬತ್ತೊಂಬತ್ತು ಜನಕ್ಕೆ ಅದು ಇಡ್ಲಿಯ ಜೊತೆಗೇ ಮುಗಿಯುತ್ತದೆ. ಈಕೆಗೆ ಮುಗಿಯಲಿಲ್ಲ, ಅಷ್ಟೇ.

ಒಂದು ಟಿ.ವಿ. ಕಾರ್ಯಕ್ರಮಕ್ಕಾಗಿ ಕಛ್‌ನ ರಣದಿಂದ ಚಿರಾಪುಂಜಿಯವರೆಗೆ ಮಳೆಯ ಬೆನ್ನು ಹತ್ತಿ 24 ದಿನ ಬೈಕಿನಲ್ಲಿ ಹೋದಳು. ಉಪ್ಪಿನ ಬಯಲಿನಿಂದ ಹೊರಟು ಮಳೆಯ ತವರಿಗೆ! ಆಗುಂಬೆಯ ಮಳೆಗೇ ಕಂಬಳಿಕೊಪ್ಪೆ ಹೊದ್ದು ಮೂಲೆ ಸೇರುವ ನಮಗೆ ಆ ಮಳೆಯಲ್ಲಿ ದಿನವಿಡೀ ಬೈಕಿನ ಮೇಲೆ ಕೂರುವುದನ್ನು ನೆನೆದರೇ ಬೆನ್ನು ಹಿಡಿದುಕೊಳ್ಳುತ್ತದೆ. ಅದಾದ ಮೇಲೆ 'ದೂರ ಹೋಗಿದ್ದಾಯಿತು, ಇನ್ನು ವೇಗ ಕಲಿಯಬೇಕು' ಅನ್ನಿಸಿರಬೇಕು. ಕೊಯಮತ್ತೂರಿನ ಅಪೆಕ್ಸ್ ರೇಸಿಂಗ್ ಅಕಾಡೆಮಿಯಲ್ಲಿ ತರಬೇತಿಗೆ ಸೇರಿದಳು. 2016ರಲ್ಲಿ ರೇಸಿನ ಟ್ರ್ಯಾಕಿಗೆ ಇಳಿದೇ ಬಿಟ್ಟಳು.

ಇಲ್ಲಿ ಒಂದು ವಿಷಯ ತಿಳಿದಿರಲಿ. ರಸ್ತೆಯಲ್ಲಿ ಜೋರಾಗಿ ಓಡಿಸುವುದಕ್ಕೂ ರೇಸಿಗೂ ಸಂಬಂಧವಿಲ್ಲ. ನಮ್ಮ ಕೊಪ್ಪ-ಶೃಂಗೇರಿ ರಸ್ತೆಯಲ್ಲಿ ಬಸ್ಸಿಗೆ ಎದುರಾಗಿ ಬೈಕು ನುಗ್ಗಿಸುವ ಪುಂಡರನ್ನು ನೋಡಿ 'ಇವನೂ ರೇಸಿನವನೇ' ಅಂದುಕೊಂಡಿದ್ದೆ ನಾನು. ತಪ್ಪು. ರೇಸು ನಡೆಯುವುದು ಬೇಲಿ ಹಾಕಿದ ಟ್ರ್ಯಾಕಿನಲ್ಲಿ. ಎದುರಿನಿಂದ ಲಾರಿ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಆಂಬುಲೆನ್ಸು ಬಾಗಿಲು ತೆರೆದುಕೊಂಡೇ ನಿಂತಿರುತ್ತದೆ. ಸ್ಪರ್ಧೆಗೆ ಇಳಿಯಲು ಪ್ರತ್ಯೇಕ ಲೈಸೆನ್ಸು ಬೇಕು. ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಮೈತುಂಬ ದಪ್ಪ ಚರ್ಮದ ಉಡುಪು, ಬೆನ್ನಿಗೆ, ಮೊಣಕಾಲಿಗೆ, ಮೊಣಕೈಗೆ ರಕ್ಷೆ. ತರಬೇತಿಯಲ್ಲಿ ಹೇಳಿಕೊಡುವುದು ಮುಖ್ಯವಾಗಿ ಬ್ರೇಕು ಯಾವಾಗ ಹಿಡಿಯಬೇಕು, ತಿರುವಿನಲ್ಲಿ ಕಣ್ಣು ಎಲ್ಲಿ ಇರಬೇಕು, ಮೈ ಎಷ್ಟು ವಾಲಬೇಕು ಎನ್ನುವುದನ್ನು. ಆಕ್ಸಿಲರೇಟರು ತಿರುವುವುದಕ್ಕೆ ಗುರು ಬೇಕಾಗಿಲ್ಲವಲ್ಲ!

ಟ್ರ್ಯಾಕಿನಿಂದ ಐಶ್ವರ್ಯಾ ರ‍್ಯಾಲಿಯ ಕಡೆ ತಿರುಗಿದಳು. ಟಿ.ವಿ.ಎಸ್. ರೇಸಿಂಗ್ ತಂಡ ಆಕೆಯನ್ನು ತನ್ನ ಸವಾರಳಾಗಿ ಸೇರಿಸಿಕೊಂಡಿತು. ಕಂಪನಿಯ ತಂಡಕ್ಕೆ ಸೇರುವುದೆಂದರೆ ಈ ಆಟದಲ್ಲಿ ಸರಕಾರಿ ಕೆಲಸ ಸಿಕ್ಕಿದ ಹಾಗೆ. ಯಾಕೆಂದರೆ ಬೈಕು, ಟೈರು, ಮೆಕ್ಯಾನಿಕ್ಕು, ಪ್ರಯಾಣ ಅಂತ ಲೆಕ್ಕ ಹಾಕಿದರೆ ಒಬ್ಬ ಸಾಮಾನ್ಯ ಸಂಬಳದವರ ಮನೆಯಿಂದ ಅದು ಏಗುವ ಖರ್ಚಲ್ಲ. ಒಂದು ಸಲ ಬಿದ್ದರೆ ಮೈಗೆ ಮಾತ್ರ ಅಲ್ಲ, ಗಾಡಿಗೂ ಆಸ್ಪತ್ರೆ ಬಿಲ್ಲು ಬರುತ್ತದೆ.

2017ರಲ್ಲಿ ದಕ್ಷಿಣ ಭಾರತದ 'ದಕ್ಷಿಣ್ ಡೇರ್', ಹಿಮಾಚಲ-ಲಡಾಖಿನ ಎತ್ತರದಲ್ಲಿ ನಡೆಯುವ 'ರೈಡ್ ಡಿ ಹಿಮಾಲಯ' ಎರಡರಲ್ಲೂ ಓಡಿದಳು. ಟ್ರ್ಯಾಕಿನ ರೇಸು, ರ‍್ಯಾಲಿ ಎರಡರಲ್ಲೂ ರಾಷ್ಟ್ರಮಟ್ಟದ ಮಹಿಳಾ ಪ್ರಶಸ್ತಿ ಪಡೆದಳು. ಅದೇ 2017ರಲ್ಲೇ ಬಿದ್ದು ಕಾಲರ್ ಮೂಳೆ ಮುರಿಯಿತು. ಭುಜದೊಳಗೆ ಒಂದು ಉಕ್ಕಿನ ಪಟ್ಟಿ, ಏಳು ಸ್ಕ್ರೂ. ವಾಸಿಯಾಯಿತು. ಮತ್ತೆ ಹತ್ತಿದಳು.

ದಾರಿ ಹೇಳುವ ಕಾಗದದ ಸುರುಳಿ

ರ‍್ಯಾಲಿ ಅಂದರೇನು ಅಂತ ನಮ್ಮ ಜಿಲ್ಲೆಯವರಿಗೆ ಹೇಳುವುದು ಕೊಬ್ಬರಿ ಅಂಗಡಿಯವನಿಗೆ ಕಾಯಿ ಮಾರಿದ ಹಾಗೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುರಸ್ತೆಯಲ್ಲಿ ಎಷ್ಟೋ ವರ್ಷದಿಂದ ಕಾರಿನ ರ‍್ಯಾಲಿ ನಡೆಯುತ್ತಾ ಬಂದಿದೆ. 2016, 2017ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿಯ ಸುತ್ತೇ ಅಲ್ಲಿಗೆ ಬಂದಿತ್ತು. ಕಾರಿನ ರ‍್ಯಾಲಿಯಲ್ಲಿ ಓಡಿಸುವವನ ಪಕ್ಕದಲ್ಲಿ ಇನ್ನೊಬ್ಬರು ಕೂತು, ಮುಂಚೆಯೇ ದಾರಿ ನೋಡಿ ಬರೆದುಕೊಂಡ ಪುಸ್ತಕ ಹಿಡಿದು, 'ಎಡಕ್ಕೆ ಮೂರು, ನೂರು ಮೀಟರು, ಬಲಕ್ಕೆ ಎರಡು, ಜಾಗ್ರತೆ' ಅಂತ ಕೂಗುತ್ತಲೇ ಇರಬೇಕು. ಆ ಅಂಕಿಗಳು ತಿರುವಿನ ಬಿಗಿಯನ್ನು ಹೇಳುತ್ತವೆ. ನಮ್ಮ ಕಾಸರಗೋಡಿನ ಮೂಸಾ ಷರೀಫ್ ಈ ಪಕ್ಕದ ಸೀಟಿನ ಕೆಲಸದಲ್ಲೇ ದೇಶದಲ್ಲಿ ಹೆಸರು ಮಾಡಿದವರು. ಇದನ್ನು ಓದಿದಾಗ ನನಗೆ ನಗು ಬಂತು. ಪಕ್ಕದಲ್ಲಿ ಕೂತು 'ನಿಧಾನ, ತಿರುವು ಬಂತು, ಎದುರಿಗೆ ಬಸ್ಸು ನೋಡಿ' ಅಂತ ಹೇಳುವುದನ್ನು ನಾವು ಮದುವೆಯಾದ ದಿನದಿಂದ ಮಾಡುತ್ತಿದ್ದೇವೆ. ಪ್ರಶಸ್ತಿ ಬೇಡ, ಬೈಸಿಕೊಳ್ಳದಿದ್ದರೆ ಸಾಕು!

ಬೈಕಿನ ರ‍್ಯಾಲಿಯಲ್ಲಿ ಮಾತ್ರ ಪಕ್ಕದ ಸೀಟೇ ಇಲ್ಲ. ದೊಡ್ಡ ರ‍್ಯಾಲಿಗಳಲ್ಲಿ ಓಡಿಸುವವಳೂ ಆಕೆಯೇ, ದಾರಿ ಹುಡುಕುವವಳೂ ಆಕೆಯೇ. ಹ್ಯಾಂಡಲಿನ ಮೇಲೆ ಒಂದು ಸಣ್ಣ ಪೆಟ್ಟಿಗೆ, ಅದರೊಳಗೆ ಕಾಗದದ ಸುರುಳಿ. ಇದಕ್ಕೆ ರೋಡ್‌ಬುಕ್ ಅಂತ ಹೆಸರು. ಎಡಗೈ ಹೆಬ್ಬೆರಳಿನ ಹತ್ತಿರದ ಸ್ವಿಚ್ಚು ಒತ್ತಿದಂತೆ ಸುರುಳಿ ಮುಂದಕ್ಕೆ ಸರಿಯುತ್ತದೆ. ಒಂದೊಂದು ಸಾಲಿನಲ್ಲೂ ಇಷ್ಟು ಕಿಲೋಮೀಟರಿಗೆ ಎಂಬ ಅಂಕಿ, ದಾರಿ ಹೇಗೆ ಕವಲೊಡೆಯುತ್ತದೆ ಎಂಬ ಪುಟ್ಟ ಚಿತ್ರ, ಅಪಾಯವಿದ್ದರೆ ಆಶ್ಚರ್ಯಸೂಚಕ ಚಿಹ್ನೆ. ಒಂದು ಚಿಹ್ನೆ ಇದ್ದರೆ ಎಚ್ಚರ, ಎರಡಿದ್ದರೆ ಇನ್ನೂ ಎಚ್ಚರ, ಮೂರಿದ್ದರೆ ಪ್ರಾಣಕ್ಕೇ ಅಪಾಯ ಅಂತ ಅರ್ಥ. ಸ್ವೆಟರ್ ಹೆಣೆಯುವಾಗ ಮಾದರಿಯ ಕಾಗದ ಪಕ್ಕದಲ್ಲಿಟ್ಟುಕೊಂಡು ಮನೆ ಎಣಿಸುತ್ತೇವಲ್ಲ, ಅದೇ ಥರ. ಆದರೆ ಇಲ್ಲಿ ಕೂತು ಅಲ್ಲ. ಕಲ್ಲುಗುಂಡಿಯ ಮೇಲೆ ಹಾರುತ್ತಿರುವ ಬೈಕಿನ ಫುಟ್‌ರೆಸ್ಟಿನ ಮೇಲೆ ನಿಂತುಕೊಂಡು, ಧೂಳಿನಲ್ಲಿ! ಒಂದು ಸಾಲು ತಪ್ಪಿ ಓದಿದರೆ ಮರಳುಗಾಡಿನಲ್ಲಿ ದಾರಿ ಕೇಳಲು ಯಾರೂ ಸಿಗುವುದಿಲ್ಲ.

ಇಂಥ ಮರಳು-ಕಲ್ಲಿನ ಓಟಗಳಿಗೆ 'ಬಾಹಾ' ಅನ್ನುತ್ತಾರೆ. ಮೆಕ್ಸಿಕೋ ದೇಶದ ಬಾಹಾ ಕ್ಯಾಲಿಫೋರ್ನಿಯಾ ಎಂಬ ಸೀಮೆಯ ಹೆಸರು ಅದು. 1967ರಲ್ಲಿ ಅಲ್ಲಿ ಶುರುವಾದ ಓಟದಿಂದ ಬಂದದ್ದು. 2018ರಲ್ಲಿ ಐಶ್ವರ್ಯಾ ಸ್ಪೇನಿನ ಅರಾಗಾನ್ ಬಾಹಾಕ್ಕೆ ಹೋದಳು. ಅಲ್ಲಿ ಓಡಿದ ಮೊದಲ ಭಾರತೀಯ ಮಹಿಳೆ ಆಕೆ. ಅಲ್ಲೇ ಬಿದ್ದಳು. ಈ ಸಲ ಪೆಟ್ಟು ಬಿದ್ದದ್ದು ಮೂಳೆಗಲ್ಲ, ಹೊಟ್ಟೆಯೊಳಗೆ. ಮೇದೋಜೀರಕ ಗ್ರಂಥಿಯೇ ಹರಿದಿತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ

ಮೇದೋಜೀರಕ ಗ್ರಂಥಿ ಅಂದರೆ ಜಠರದ ಹಿಂದೆ, ಬೆನ್ನೆಲುಬಿಗೆ ಅಂಟಿದಂತೆ ಅಡ್ಡಡ್ಡ ಮಲಗಿರುವ ಅಂಗ. ಅನ್ನ ಅರಗಿಸುವ ರಸವನ್ನೂ ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್ನನ್ನೂ ತಯಾರಿಸುವುದು ಇದೇ. ಸಕ್ಕರೆ ಕಾಯಿಲೆಯ ದೆಸೆಯಿಂದ ಇದರ ಹೆಸರು ನಮಗೆಲ್ಲ ಗೊತ್ತು. ಹೊರಗಿನಿಂದ ಗಟ್ಟಿ ಪೆಟ್ಟು ಬಿದ್ದರೆ ಇದು ಬೆನ್ನೆಲುಬಿಗೆ ಒತ್ತಿ ಹರಿಯುತ್ತದೆ; ಆಗ ಅನ್ನ ಅರಗಿಸಬೇಕಾದ ರಸ ಹೊಟ್ಟೆಯೊಳಗೇ ಸೋರಿ ಸುತ್ತಲಿನ ಭಾಗವನ್ನು ಸುಡತೊಡಗುತ್ತದೆ.

ಇದನ್ನು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ರೇಸಿನವರಿಗೆ ಮಾತ್ರ ಬರುವ ಪೆಟ್ಟಲ್ಲ ಇದು. ಸೈಕಲ್ಲಿನಿಂದ ಬೀಳುವ ಮಕ್ಕಳಿಗೆ ಹ್ಯಾಂಡಲಿನ ತುದಿ ಹೊಟ್ಟೆಗೆ ತಗುಲಿ ಇಂಥದೇ ಗಾಯವಾಗುವುದುಂಟು. ಹೊರಗೆ ನೋಡಿದರೆ ನಾಲ್ಕಾಣೆಯಷ್ಟು ಕೆಂಪು ಗುರುತು, ಅಷ್ಟೇ. ಮಗು ಎದ್ದು ಓಡಾಡುತ್ತದೆ. ಬೈಗುಳಕ್ಕೆ ಹೆದರಿ ಬಿದ್ದದ್ದನ್ನೇ ಹೇಳುವುದಿಲ್ಲ. ಒಂದೆರಡು ದಿನದ ಮೇಲೆ ಹೊಟ್ಟೆನೋವು, ವಾಂತಿ. ನಾವು ಅಜೀರ್ಣ ಅಂತ ಓಮದ ಕಷಾಯ ಮಾಡಿ ಕೊಡುತ್ತೇವೆ. ಹ್ಯಾಂಡಲು ಹೊಟ್ಟೆಗೆ ಹೊಡೆದದ್ದು ಗೊತ್ತಾದರೆ, ನೋವು ಇರಲಿ ಬಿಡಲಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಪೆಟ್ಟು ಬಿದ್ದ ವಿಷಯವನ್ನು ತಪ್ಪದೆ ಹೇಳಿ. ಕಷಾಯಕ್ಕೆ ಆಮೇಲೂ ಸಮಯವಿದೆ.

ಐಶ್ವರ್ಯಾಳ ಕಥೆಗೆ ಬರೋಣ. ಇಪ್ಪತ್ತಮೂರು ತುಂಬುವುದರೊಳಗೆ ಭುಜದಲ್ಲಿ ಏಳು ಸ್ಕ್ರೂ, ಹೊಟ್ಟೆಯೊಳಗೆ ಹರಿದ ಗ್ರಂಥಿ. ಯಾರೇ ಆದರೂ 'ಸಾಕಮ್ಮ, ಬಿಟ್ಟುಬಿಡು' ಅನ್ನುವ ಘಟ್ಟ ಅದು. ನಾನಂತೂ ಅನ್ನುತ್ತಿದ್ದೆ. ನನ್ನ ತಂಗಿಯೂ ಅನ್ನುತ್ತಾಳೆ, ಅದರಲ್ಲಿ ಸಂಶಯವೇ ಇಲ್ಲ. ಆಗ ಹಾಗೆ ಹೇಳುವವರು ಶತ್ರುಗಳೂ ಅಲ್ಲ. ಆಸ್ಪತ್ರೆಯ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತು ರಾತ್ರಿ ಕಳೆದವರಿಗೇ ಅದರ ಕಷ್ಟ ಗೊತ್ತು. 'ಕನಸಿನ ಬೆನ್ನು ಹತ್ತಿ' ಅಂತ ಪತ್ರಿಕೆಯಲ್ಲಿ ಬರೆಯುವುದು ಸುಲಭ. ಸ್ಟೂಲಿನ ಮೇಲೆ ಕೂರುವವರ ಹೆಸರನ್ನು ಯಾರೂ ಬರೆಯುವುದಿಲ್ಲ.

ತಿಂಗಳುಗಟ್ಟಲೆ ಚೇತರಿಕೆ. ಮತ್ತೆ ವ್ಯಾಯಾಮ. ಮರುವರ್ಷ, 2019ರಲ್ಲಿ, ಬಾಹಾ ವಿಶ್ವಕಪ್ಪಿನ ಎಲ್ಲ ಸುತ್ತಿಗೂ ಹೆಸರು ಕೊಟ್ಟಳು.

ಒಂದೇ ಗೆಲುವು, ಆದರೂ ಕಪ್!

ನಮ್ಮ ಮನೆಖರ್ಚಿನ ಲೆಕ್ಕದ ಹಾಗೆ ಇದನ್ನೂ ಒಮ್ಮೆ ಕೂಡಿಸಿ ನೋಡೋಣ. ಮೊದಲನೆಯ ಸುತ್ತು ದುಬೈನ ಮರಳಿನಲ್ಲಿ. ಅಲ್ಲಿ ಮಹಿಳೆಯರಲ್ಲಿ ಮೊದಲ ಸ್ಥಾನ, 25 ಅಂಕ. ಪೋರ್ಚುಗಲ್‌ನಲ್ಲಿ ಮೂರನೆಯ ಸ್ಥಾನ, 16. ಆಮೇಲೆ ಸ್ಪೇನ್. ಹಿಂದಿನ ವರ್ಷ ಸ್ಟ್ರೆಚರಿನಲ್ಲಿ ಮಲಗಿಸಿದ ಅದೇ ಸ್ಪೇನ್! ಅಲ್ಲಿ ಐದನೆಯ ಸ್ಥಾನ, 11 ಅಂಕ. ಕೊನೆಯದು ಹಂಗೇರಿಯ ವಾರ್ಪಲೋಟ. ಅಲ್ಲಿ ನಾಲ್ಕನೆಯ ಸ್ಥಾನ, 13. ಒಟ್ಟು 65. ಎರಡನೆಯವಳಾದ ಪೋರ್ಚುಗಲ್‌ನ ರೀಟಾ ವಿಯೆರಾಳಿಗೆ 61.

ಅಂದರೆ ನಾಲ್ಕರಲ್ಲಿ ಗೆದ್ದದ್ದು ಒಂದೇ ಒಂದು. ಉಳಿದ ಮೂರರಲ್ಲಿ ಬೇರೆಯವರು ಮುಂದೆ ಹೋದರು. ಕಪ್ ಮಾತ್ರ ಈಕೆಗೆ. ಸ್ಪೇನಿನ ಐದನೆಯ ಸ್ಥಾನವನ್ನು ಪತ್ರಿಕೆಗಳು ಒಂದು ಪದದಲ್ಲಿ ದಾಟಿಸಿವೆ. ನನಗೆ ಅದೇ ದೊಡ್ಡದಾಗಿ ಕಂಡಿತು. ಹಿಂದಿನ ಸಲ ಹೊಟ್ಟೆ ಹರಿದ ದೇಶದಲ್ಲಿ, ಅಂಥದೇ ಕಲ್ಲಿನ ಮೇಲೆ, ಈ ಸಲ ಬೀಳದೆ ಕೊನೆ ಮುಟ್ಟಬೇಕು. ಅಲ್ಲಿ ಹೆದರಿ ನಿಂತಿದ್ದರೆ ಆ 11 ಅಂಕ ಹೋಗುತ್ತಿತ್ತು, ಅದರ ಜೊತೆಗೆ ಕಪ್ಪೂ ಹೋಗುತ್ತಿತ್ತು. ಉಳಿದದ್ದು ನಾಲ್ಕೇ ಅಂಕದ ಅಂತರ ತಾನೇ?

2019ರ ಆಗಸ್ಟಿನಲ್ಲಿ ಈ ಫಲಿತಾಂಶ ಬಂದಾಗ, ಮೋಟಾರು ಕ್ರೀಡೆಯಲ್ಲಿ ವಿಶ್ವಮಟ್ಟದ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳು ಎಂದೇ ಸುದ್ದಿಯಾಯಿತು. ಮೊದಲ 'ಭಾರತೀಯ ಮಹಿಳೆ' ಅಂತಲ್ಲ, ಗಂಡಸರೂ ಸೇರಿ ಮೊದಲನೆಯವಳು. ಆಗ ಆಕೆಗೆ ಇಪ್ಪತ್ತನಾಲ್ಕು ತುಂಬುವುದರಲ್ಲಿತ್ತು. ಅದೇ ಕೂಟದ ಕಿರಿಯರ ವಿಭಾಗದಲ್ಲಿ 46 ಅಂಕದೊಂದಿಗೆ ಎರಡನೆಯ ಸ್ಥಾನವೂ ಬಂತು. ಮೊದಲು ಬಂದವನು ಚಿಲಿ ದೇಶದ ತೊಮಾಸ್ ದೆ ಗವಾರ್ಡೊ, 60 ಅಂಕ.

ಗಂಡನ ಕಾರು ಒಯ್ದ ಲೂಯಿಸ್

ಈ ಹುಚ್ಚು ಹೆಂಗಸರಿಗೆ ಈಗ ಹಿಡಿದದ್ದೂ ಅಲ್ಲ, ನಮ್ಮ ದೇಶದಲ್ಲೇ ಶುರುವಾದದ್ದೂ ಅಲ್ಲ. ಅಮೆರಿಕದಲ್ಲಿ 'ಸ್ಟಾಕ್ ಕಾರ್' ರೇಸು ಅಂತ ಇದೆ. ಸ್ಟಾಕ್ ಅಂದರೆ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಸರಕು. ಮನೆಮಂದಿ ಕೊಳ್ಳುವ ಮಾಮೂಲಿ ಕಾರನ್ನೇ ಓಡಿಸಬೇಕು, ಒಳಗೆ ಏನೂ ಬದಲಾಯಿಸಬಾರದು ಎನ್ನುವುದು ಆರಂಭದ ನಿಯಮ. (ಈಗಿನ ಕಾರುಗಳು ಹೆಸರಿಗಷ್ಟೇ ಹಾಗೆ, ಒಳಗೆಲ್ಲ ರೇಸಿಗೆಂದೇ ಕಟ್ಟಿದ್ದು.) 1949ರ ಜೂನ್ 19ರಂದು ಷಾರ್ಲೆಟ್ ಎಂಬ ಊರಿನಲ್ಲಿ ನಡೆದ ಮೊದಲ ದೊಡ್ಡ ಓಟದಲ್ಲಿ ಮೊದಲು ಬಂದವನ ಕಾರಿನ ಹಿಂದಿನ ಸ್ಪ್ರಿಂಗ್ ಬದಲಾಯಿಸಿದ್ದು ಸಿಕ್ಕಿಬಿದ್ದು, ಗೆಲುವು ಎರಡನೆಯವನಿಗೆ ಹೋಯಿತು.

ಅದೇ ಓಟದಲ್ಲಿ ಸಾರಾ ಕ್ರಿಶ್ಚಿಯನ್ ಎಂಬ ಗೃಹಿಣಿಯೂ ಇದ್ದಳು. ಓಡಿಸಿದ್ದು ಗಂಡ ಕೊಂಡ ಫೋರ್ಡ್ ಕಾರು. ಆ ವರ್ಷವೇ ಇನ್ನೊಂದು ಓಟದಲ್ಲಿ ಐದನೆಯವಳಾಗಿ ಬಂದಳು. ಲೂಯಿಸ್ ಸ್ಮಿತ್ ಎಂಬಾಕೆಯ ಕಥೆಯಂತೂ ಇನ್ನೂ ಸೊಗಸು. 1947ರಲ್ಲಿ ಡೇಟೋನಾದ ಕಡಲತೀರದಲ್ಲಿ ನಡೆಯುವ ರೇಸು ನೋಡಿಕೊಂಡು ಬರುತ್ತೇನೆಂದು ಗಂಡನ ಹೊಸ ಕಾರು ಒಯ್ದವಳು, ಸುಮ್ಮನೆ ನೋಡಲಾಗದೆ ತಾನೇ ಇಳಿದು, ಕಾರು ಜಜ್ಜಿ ಹಾಕಿ, ಬಸ್ಸಿನಲ್ಲಿ ಮನೆಗೆ ಬಂದಳಂತೆ. 'ಕಾರೆಲ್ಲಿ?' ಅಂದರೆ 'ದಾರಿಯಲ್ಲಿ ಕೆಟ್ಟು ನಿಂತಿದೆ' ಅಂದಳಂತೆ. ಅಷ್ಟರಲ್ಲಿ ನುಜ್ಜಾದ ಕಾರಿನ ಚಿತ್ರ ಪತ್ರಿಕೆಯಲ್ಲಿ ಬಂದು ಗಂಡನ ಕೈಯಲ್ಲಿತ್ತಂತೆ! 1999ರಲ್ಲಿ ಅಲ್ಲಿನ ಮೋಟಾರು ಕ್ರೀಡೆಯ ಕೀರ್ತಿಶಾಲೆಗೆ ಸೇರಿದ ಮೊದಲ ಮಹಿಳೆ ಇದೇ ಲೂಯಿಸ್.

ಆಮೇಲೆ ಬಂದವಳು ಜಾನೆಟ್ ಗತ್ರಿ. ವಿಮಾನ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವಳು. 1977ರಲ್ಲಿ ಡೇಟೋನಾ 500, ಇಂಡಿಯಾನಾಪೊಲಿಸ್ 500 ಎರಡರಲ್ಲೂ ಓಡಿದ ಮೊದಲ ಮಹಿಳೆ. ಮರುವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಮುರಿದ ಮಣಿಕಟ್ಟಿನಲ್ಲೇ ಓಡಿಸಿ ಒಂಬತ್ತನೆಯವಳಾದಳು. ಇಷ್ಟೆಲ್ಲ ಆದರೂ ಆಕೆಗೆ ಹಣ ಹಾಕುವವರು ಸಿಗದೆ ಓಟ ನಿಲ್ಲಿಸಬೇಕಾಯಿತು. ಬಿದ್ದು ನಿಂತವರಿಗಿಂತ ದುಡ್ಡಿಲ್ಲದೆ ನಿಂತವರೇ ಈ ಆಟದಲ್ಲಿ ಹೆಚ್ಚೇನೋ ಅನ್ನಿಸುತ್ತದೆ.

ಮುಂದಿನ ಮರಳು

ಐಶ್ವರ್ಯಾಳ ಕಣ್ಣು ಈಗ ಇರುವುದು ಡಾಕರ್ ರ‍್ಯಾಲಿಯ ಮೇಲೆ. ಮೊದಲು ಪ್ಯಾರಿಸ್ಸಿನಿಂದ ಆಫ್ರಿಕಾದ ಡಾಕರ್ ನಗರಕ್ಕೆ ನಡೆಯುತ್ತಿದ್ದ ಈ ಓಟ 2009ರಿಂದ ದಕ್ಷಿಣ ಅಮೆರಿಕಕ್ಕೆ ಹೋಗಿ, 2020ರಿಂದ ಸೌದಿ ಅರೇಬಿಯಾದ ಮರಳಿನಲ್ಲಿ ನಡೆಯುತ್ತಿದೆ. ಸುಮಾರು ಎರಡು ವಾರ, ಸಾವಿರಾರು ಕಿಲೋಮೀಟರು. ಅದನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ. ನಮ್ಮ ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಮೂವತ್ತೇಳನೆಯವರಾಗಿ ಮುಗಿಸಿದರು. ಅರವಿಂದ್ ಅಂದರೆ ಯಾರು ಅಂತ ಯೋಚಿಸಬೇಡಿ: 2021ರಲ್ಲಿ ಕನ್ನಡ ಬಿಗ್ ಬಾಸ್ ಮನೆಯಲ್ಲಿ ಕೊನೆಯವರೆಗೂ ಇದ್ದು ಎರಡನೆಯ ಸ್ಥಾನ ಪಡೆದರಲ್ಲ, ಅವರೇ! ದಿನಾ ರಾತ್ರಿ ಊಟಕ್ಕೆ ಬಡಿಸುತ್ತ ಅವರನ್ನು ನೋಡಿದ ನಾವು, ಅವರು ಮರಳುಗಾಡಿನಲ್ಲಿ ಮಾಡಿದ್ದನ್ನು ಆಗ ಅಷ್ಟಾಗಿ ಕೇಳಿರಲೇ ಇಲ್ಲ.

ಹಾಗಂತ ಎಲ್ಲವೂ ಹೂವಿನ ಹಾದಿಯಲ್ಲ. ಅದೇ ಸಂತೋಷ್ 2021ರ ಡಾಕರ್‌ನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ರಿಯಾದಿನ ಆಸ್ಪತ್ರೆಯಲ್ಲಿ ವೈದ್ಯರು ಕೆಲವು ದಿನ ಅವರನ್ನು ಪ್ರಜ್ಞೆ ಇಲ್ಲದ ಸ್ಥಿತಿಯಲ್ಲೇ ಇಡಬೇಕಾಯಿತು. ಬದುಕಿ ಊರಿಗೆ ಬಂದರು. ಇದನ್ನು ಬಿಟ್ಟು ಬರೆದರೆ ನಾನು ನಿಮಗೆ ಸುಳ್ಳು ಹೇಳಿದ ಹಾಗಾಗುತ್ತದೆ.

ನಮ್ಮ ಸ್ಕೂಟರಿಗೂ ಸ್ವಲ್ಪ

ರೇಸಿನವರಿಂದ ನಾವು ಕಲಿಯಬಹುದಾದದ್ದು ಅವರ ವೇಗವನ್ನಲ್ಲ, ಅವರ ಉಡುಪನ್ನು. ಪೇಟೆಗೆ ಎರಡೇ ಮೈಲಿ ಅಂತ ಹೆಲ್ಮೆಟನ್ನು ಹ್ಯಾಂಡಲಿಗೆ ನೇತು ಹಾಕಿಕೊಂಡು ಹೋಗುತ್ತೇವಲ್ಲ, ತಲೆ ಇರುವುದು ಹ್ಯಾಂಡಲಿನ ಮೇಲಲ್ಲ. ಐ.ಎಸ್.ಐ. ಗುರುತು ಇರುವುದನ್ನೇ ತೆಗೆದುಕೊಳ್ಳಿ. ಗಲ್ಲದ ಪಟ್ಟಿ ಎರಡು ಬೆರಳಿಗಿಂತ ಸಡಿಲ ಇರಬಾರದು. ಸಡಿಲವಾದರೆ ಬಿದ್ದ ಕ್ಷಣ ಹೆಲ್ಮೆಟ್ ಒಂದು ಕಡೆ, ನಾವೊಂದು ಕಡೆ. ಒಳಗಿರುವ ಥರ್ಮೋಕೋಲಿನಂಥ ಪದರ ಪೆಟ್ಟು ಬಿದ್ದಾಗ ತಾನು ಜಜ್ಜಿಕೊಂಡು ತಲೆಯನ್ನು ಉಳಿಸುತ್ತದೆ. ಹೀಗಾಗಿ ಒಮ್ಮೆ ಗಟ್ಟಿಯಾಗಿ ಬಿದ್ದ ಹೆಲ್ಮೆಟ್, ಹೊರಗೆ ಹೊಸದರ ಹಾಗೆ ಕಂಡರೂ, ಮುಂದೆ ಕೆಲಸಕ್ಕೆ ಬಾರದು. ಅದನ್ನು ಕೋಳಿಮರಿ ಕೂರಿಸಲು ಇಟ್ಟುಕೊಳ್ಳಿ, ತಲೆಗೆ ಬೇಡ.

ಹಿಂದೆ ಕೂರುವವರಿಗೂ ನಮ್ಮ ರಾಜ್ಯದಲ್ಲಿ 2016ರಿಂದ ಹೆಲ್ಮೆಟ್ ಕಡ್ಡಾಯ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದುಪಟ್ಟಾವನ್ನು ಬೆನ್ನ ಹಿಂದೆ ಗಂಟು ಹಾಕಿ. ಚಕ್ರಕ್ಕೆ ಸಿಕ್ಕಿದ ಬಟ್ಟೆ ಕುತ್ತಿಗೆಯನ್ನೇ ಎಳೆಯುತ್ತದೆ. ಹಿಂಬದಿ ಚಕ್ರದ ಪಕ್ಕದ ಸೀರೆ ಗಾರ್ಡು ಅಂದ ಕೆಡಿಸುತ್ತದೆ ಅಂತ ಮಗ ಬಿಚ್ಚಿಸಿದ್ದರೆ ಮತ್ತೆ ಹಾಕಿಸಿ. ಪಾಚಿಯ ತಿರುವಿನಲ್ಲಿ ಬ್ರೇಕು ಹಿಡಿಯುವುದು ತಿರುವಿಗೆ ಮೊದಲೇ. ತಿರುಗುತ್ತಿರುವಾಗ ಹಿಡಿದರೆ ಗಾಡಿ ಜಾರುತ್ತದೆ. ಟ್ರ್ಯಾಕಿನಲ್ಲಿ ಮೊದಲ ದಿನ ಹೇಳಿಕೊಡುವ ಪಾಠವೂ ಇದೇ.

ಇನ್ನು ನನ್ನ ತಂಗಿಯ ಮಗಳ ಮಾತು. ಇದನ್ನೆಲ್ಲ ಓದಿ ಮುಗಿಸಿದ ಮೇಲೆ ಅವಳಿಗೆ ನಾನೇ ಫೋನ್ ಮಾಡಿದೆ. ತರಬೇತಿ ಎಷ್ಟು ದಿನ, ಖರ್ಚು ಯಾರದು, ಬಿದ್ದರೆ ವಿಮೆ ಇದೆಯಾ, ಜೊತೆಗೆ ಬೇರೆ ಹೆಣ್ಣುಮಕ್ಕಳು ಇರುತ್ತಾರಾ, ಎಲ್ಲ ಕೇಳಿದೆ. ಎಲ್ಲಕ್ಕೂ ಉತ್ತರ ಬರೆದಿಟ್ಟುಕೊಂಡಿದ್ದಳು, ಜಾಣೆ. ಕೊನೆಗೆ "ಬಿದ್ದರೆ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂರುವವರು ಯಾರೇ?" ಅಂದೆ. ಒಂದು ಗಳಿಗೆ ಸುಮ್ಮನಿದ್ದಳು. "ಅದಕ್ಕೇ ದೊಡ್ಡಮ್ಮ, ಅಮ್ಮನಿಗೆ ಹೇಳದೇ ಹೋಗೋದು ಬೇಡ ಅಂತ ನಿಮ್ಮನ್ನ ಕೇಳಿದ್ದು" ಅಂದಳು.

ಬರುವ ಗುರುವಾರ ತಂಗಿ ಶೃಂಗೇರಿಗೆ ಬರುತ್ತಾಳೆ, ಅಲ್ಲಿಂದ ನಮ್ಮನೆಗೆ. ಪತ್ರೊಡೆಗೆ ಕೆಸುವಿನ ಎಲೆ ತರಿಸಿಟ್ಟಿದ್ದೇನೆ. ಅವಳಿಗೆ ಪತ್ರೊಡೆ ಅಂದರೆ ಪ್ರಾಣ. ಎರಡು ತುಂಡು ತಿಂದ ಮೇಲೆ ಮಾತು ತೆಗೆಯುತ್ತೇನೆ.